ತಲೆಯಿಲ್ಲದ ತಾಳೆಮರ

“ಆ ಚೀಟಿ ಎಲ್ಲಿ ಹೋಯ್ತಮ್ಮ?” ಎಂದು ಮಹದೇವಪ್ಪನವರು ಮೂರನೆಯ ಸಲ ಕೇಳಿದರು.

“ಯಾವ ಚೀಟಿ ಸಾರ್?” ಎಂದು ಮುತ್ತು ಮೂರನೆಯ ಸಲವೂ ಅಷ್ಟೇ ಮುಗ್ಧಳಾಗಿ ಕೇಳಿದಳು. ಚೀಟಿ ಅವಳ ಕೈಚೀಲದ ತಳದಲ್ಲಿತ್ತು. ಅದರ ಪಕ್ಕದಲ್ಲೇ ಹಳೆಯ ಬಟ್ಟೆಯಲ್ಲಿ ಸುತ್ತಿದ, ಮೀನು ಕೊಯ್ಯುವ ಚೂರಿಯೂ ಇತ್ತು.

“‘ಗುರ್ತು’ ಅನ್ನೋ ಪದದ್ದು. ಕರಾವಳಿ ಪೆಟ್ಟಿಗೇದು. ಗಕಾರ ಪೂರ್ತಿ ಇವತ್ತು ಪ್ರೆಸ್ಸಿಗೆ ಹೋಗ್ಬೇಕು. ಎಲ್ಲಾ ಇವೆ, ಅದೊಂದೇ ಇಲ್ಲ.”

“ಹುಡುಕಿಡ್ತೀನಿ ಸಾರ್. ನೀವು ಮಿಕ್ಕಿದ್ದು ತಗೊಂಡು ಮುಂದೆ ಹೋಗಿರಿ.”

ಮುದುಕರು ಕನ್ನಡಕ ಒರೆಸಿಕೊಳ್ಳುತ್ತ ಹೊರಟರು. ಯಾದವಗಿರಿಯ ಆ ಬಂಗಲೆಯ ಗೇಟಿನಲ್ಲಿ ಜಟಕಾ ಕಾದಿತ್ತು. ಅದರ ಗೆಜ್ಜೆಯ ಸದ್ದು ರಸ್ತೆಯ ತಿರುವಿನಲ್ಲಿ ಕರಗುವವರೆಗೂ ಮುತ್ತು ಕುರ್ಚಿ ಬಿಟ್ಟು ಅಲುಗಲಿಲ್ಲ.

ಐದು ವರ್ಷದ ಹಿಂದೆ ಅಳಿವೆಬಾಯಲ್ಲಿ ಹೆಣವಾಗಿ ತೇಲಿದ ಅಣ್ಣ ಸೂರ ಮಾಸ್ತರನನ್ನು ಕೊಂದವನು ಈ ಪದಕೋಶದ ಕಚೇರಿಯ ಮೂವರಲ್ಲಿ ಒಬ್ಬ ಎಂದು ನಂಬಿ ಅವಳು ಇಲ್ಲಿ ಸೇರಿ ಎಂಟು ತಿಂಗಳಾಗಿತ್ತು. ಆ ಒಬ್ಬ ಯಾರೆಂದು ಗೊತ್ತಾಗಿ ಇವತ್ತಿಗೆ ಏಳು ದಿನ.

ಎಂಟು ತಿಂಗಳು ಅವಳು ನಾಲಗೆಯನ್ನು ಹಗ್ಗ ಹಾಕಿ ಕಟ್ಟಿದ್ದಳು. ಶಿವಮೊಗ್ಗದ ಕಡೆಯವಳು ಎಂದು ಹೇಳಿ, ಅಗ್ರಹಾರದ ದೇವಿರಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದು, ಮೈಸೂರಿನವರ ಹಾಗೆಯೇ ‘ಕಣ್ರೀ’ ‘ಕಣಮ್ಮ’ ಎನ್ನುವುದನ್ನು ಕಲಿತಿದ್ದಳು. ಕರಾವಳಿಯ ಮಾತನ್ನು ಪೆಟ್ಟಿಗೆಗಟ್ಟಲೆ ತುಂಬಿಟ್ಟುಕೊಂಡ ಈ ಪಂಡಿತರಿಗೆ, ಕರಾವಳಿಯ ಬೆಸ್ತರ ಹುಡುಗಿಯೊಬ್ಬಳು ಎದುರಿಗೇ ಕೂತು ಚೀಟಿ ನಕಲು ಮಾಡುತ್ತಿರುವುದು ಗೊತ್ತಾಗಲಿಲ್ಲ. ಮೊದಲ ವಾರ ‘ಬೈಗೆ’ ಎಂಬ ಚೀಟಿ ಅವಳ ಕೈಗೆ ಬಂದಿತ್ತು. ‘ಒಂದು ಬಗೆಯ ಸಣ್ಣ ಮೀನು’ ಎಂದಷ್ಟೇ ಬರೆದಿದ್ದರು. ಹುಟ್ಟಿದಂದಿನಿಂದ ದಿನಾ ತಿಂದ ಮೀನು ಅದು. ಅವತ್ತು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದಳು.

ಆ ಪದಗಳೆಲ್ಲ ಅಣ್ಣನವು. ಹೊಯ್ಗೆಕೇರಿಯ ಶಾಲೆಯಲ್ಲಿ ಪಾಠ ಹೇಳುತ್ತ, ಸಂಜೆ ಮುದುಕರ ಜೊತೆ ಬಲೆ ನೇಯುತ್ತ, ಆರು ವರ್ಷ ಕೂತು ಅವನು ಒಂಬೈನೂರು ಪದ ಬರೆದಿಟ್ಟಿದ್ದ. ಪುಸ್ತಕವನ್ನು ಚೆಂದದ ಅಕ್ಷರದಲ್ಲಿ ಮತ್ತೊಮ್ಮೆ ಬರೆದುಕೊಟ್ಟವಳು ಮುತ್ತು. ಮೈಸೂರಿನ ಮೂವರು ಪದ ಹುಡುಕಿಕೊಂಡು ಕುಂದಾಪುರದ ಕಡೆ ಬಂದ ವಾರ ಅಣ್ಣ ಸತ್ತ. ಪುಸ್ತಕ ಮಾಯವಾಯಿತು. ಕಾಲುಜಾರಿ ನೀರಿಗೆ ಬಿದ್ದ ಎಂದು ಪೊಲೀಸರು ಬರೆದುಕೊಂಡು ಕೈತೊಳೆದುಕೊಂಡರು. ಆದರೆ ಅವನ ತಲೆಯ ಹಿಂಬದಿಯ ಗಾಯವನ್ನು ತೊಳೆದವಳು ಅವಳು. ನೀರು ಹಾಗೆ ಹೊಡೆಯುವುದಿಲ್ಲ.

ಅವತ್ತು ಬೆಳಿಗ್ಗೆ ದೋಣಿಯಲ್ಲಿ ಕೋಟು ತೊಟ್ಟವರೊಬ್ಬರು ಇದ್ದದ್ದನ್ನು ಒಣಮೀನಿನ ಮುದುಕಿಯೊಬ್ಬಳು ದೂರದಿಂದ ಕಂಡಿದ್ದಳು. ಮೂವರೂ ಕೋಟಿನವರೇ. ಮೂವರೂ ದೋಣಿ ಹತ್ತಲೇ ಇಲ್ಲವೆಂದು ಹೇಳಿಕೆ ಕೊಟ್ಟಿದ್ದರು. ಒಬ್ಬರು ಈ ಮಹದೇವಪ್ಪನವರು, ಸಂಪಾದಕರು. ಇನ್ನೊಬ್ಬ ಗುಮಾಸ್ತ ಶಾಮಣ್ಣ. ಆತನಿಗೆ ಮೆಟ್ಟಿಲು ಹತ್ತಿದರೆ ಉಬ್ಬಸ. ಮೂರನೆಯವನು ಚೆಲುವರಾಜು, ಊರೂರು ತಿರುಗಿ ಪದ ತರುವವನು.

ಮೂವರಲ್ಲಿ ಯಾರೆಂದು ಹೇಳಿದ್ದು ಆ ಚೀಟಿ.

ಈ ಕಚೇರಿಯಲ್ಲಿ ಮಹದೇವಪ್ಪನವರು ಮಾಡಿದ ಒಂದು ಕಟ್ಟುನಿಟ್ಟು ಇತ್ತು. ಪದ ತಂದವನು ಚೀಟಿಯ ಮೂಲೆಯಲ್ಲಿ ‘ಕೇ’ ಎಂದೋ ‘ಕಂ’ ಎಂದೋ ಬರೆಯಲೇಬೇಕು. ಯಾರಿಂದಲೋ ಕೇಳಿ ಬರೆದದ್ದು ‘ಕೇ’. ಆ ವಸ್ತುವನ್ನು, ಆ ಕೆಲಸವನ್ನು ಸ್ವತಃ ನೋಡಿ ಬರೆದದ್ದು ‘ಕಂ’. ಕೇಳಿದ ಚೀಟಿಯಾದರೆ ಹೇಳಿದವರ ಹೆಸರೂ ಇರಬೇಕು. ಎಲ್ಲದರ ಕೆಳಗೂ ಪದ ತಂದವನ ನಂಬರು. ಪದದವರ ಮರ್ಯಾದೆಯೆಲ್ಲ ಆ ಎರಡಕ್ಷರದಲ್ಲಿತ್ತು. ಒಂದು ‘ಕಂ’ ಎಂದರೆ ಹತ್ತು ‘ಕೇ’ಗೆ ಸಮ ಎಂದು ಲೆಕ್ಕ.

‘ಗುರ್ತು’ ಚೀಟಿಯ ಮೂಲೆಯಲ್ಲಿ ‘ಕಂ’ ಎಂದಿತ್ತು. ನಂಬರು ಎರಡು.

ಕಳೆದ ಶುಕ್ರವಾರ ಅದನ್ನು ಓದಿದವಳೇ ಕೈಚೀಲದ ತಳಕ್ಕೆ ಸೇರಿಸಿದ್ದಳು. ಏನೂ ಆಗದವಳ ಹಾಗೆ ಶಾಮಣ್ಣನ ಮೇಜಿಗೆ ಹೋಗಿ, “ಎರಡನೇ ನಂಬರು ಯಾರ್ದು ಶಾಮಣ್ಣೋರೇ?” ಎಂದು ಕೇಳಿದ್ದಳು.

“ನಮ್ಮ ಚೆಲುವರಾಜೂದು ಕಣಮ್ಮ. ಮೊದಲಿಂದ್ಲೂ ಅವಂದೇ,” ಎಂದು ಆತ ಮುಖವನ್ನೂ ಎತ್ತದೆ ಹೇಳಿದ್ದ.

ಚೆಲುವರಾಜು ಆಗ ಕೊಳ್ಳೇಗಾಲದ ಕಡೆ ಹೋಗಿದ್ದ. ಇವತ್ತು ಬರುತ್ತಾನೆ. ಏಳು ದಿನ ಅವಳು ಊಟ ಮಾಡಿದಳು, ನಿದ್ದೆ ಮಾಡಿದಳು, ಚೀಟಿ ಬರೆದಳು. ಒಳಗೆ ಮಾತ್ರ ಒಂದೇ ಕೆಲಸ ನಡೆದಿತ್ತು. ಅವನನ್ನು ಎಲ್ಲಿ ತಿವಿಯಬೇಕು ಎಂದು ಯೋಚಿಸುವುದು. ಅದಕ್ಕೆ ಅವಳಿಗೆ ಎಳ್ಳಷ್ಟೂ ನಾಚಿಕೆಯಿರಲಿಲ್ಲ.

ಮೂರು ಗಂಟೆಗೆ ಅವನು ಬಂದ. ಮೂವತ್ತೆಂಟರ ಆಸಾಮಿ, ಧೂಳು ಮುಚ್ಚಿದ ಕೋಟು, ಬಾಯಿತುಂಬ ಎಲೆಯಡಿಕೆ. ಬಲಗೈಯಲ್ಲಿ ಚೀಟಿಯ ಕಟ್ಟು, ಎಡಗೈ ಎಂದಿನಂತೆ ಮೈಗೆ ಅಂಟಿಕೊಂಡಿತ್ತು.

“ಏನ್ರೀ ಮುತ್ತಮ್ಮ, ಬೆಟ್ಟದ ತಪ್ಪಲಲ್ಲಿ ನೂರೆಂಟು ಪದ ಸಿಕ್ಕಿದ್ವು ನೋಡಿ! ಸಾಹೇಬ್ರೆಲ್ಲಿ?”

“ಪ್ರೆಸ್ಸಿಗೆ ಹೋದ್ರು. ಒಳಗೆ ಬನ್ನಿ, ಒಂದು ಚೀಟಿ ಕೇಳ್ಬೇಕಿತ್ತು.”

ಅವನು ಒಳಗೆ ಬಂದು ಕೂತ. ಅವಳು ಬಾಗಿಲಿಗೆ ಚಿಲಕ ಹಾಕಿ ಬಂದು ಎದುರು ಕೂತಳು.

“ಚಿಲಕ ಯಾಕ್ರೀ?”

“ಗಾಳಿ. ಚೀಟಿ ಹಾರ್ತವೆ.” ಅವಳು ಚೀಲದಿಂದ ಚೀಟಿ ತೆಗೆದು ಓದಿದಳು. “‘ಗುರ್ತು. ಕಡಲಿನಲ್ಲಿ ಮೀನಿನ ತಾವನ್ನು ಕಂಡುಕೊಳ್ಳುವ ಗೆರೆ. ದಡದ ಎರಡು ವಸ್ತು ಒಂದರ ಹಿಂದೊಂದು ಬರುವಂತೆ ದೋಣಿ ನಿಲ್ಲಿಸುವುದು. ಉದಾಹರಣೆ: ತಲೆಯಿಲ್ಲದ ತಾಳೆಮರ ಗುಡ್ಡದ ಕಚ್ಚಿಗೆ ನೇರ ಬಂದಾಗ ಬಲೆ ಇಳಿಸುತ್ತಾರೆ.’ ಇದು ನಿಮ್ಮದೇನಾ?”

“ನಂದೇ.”

“ಮೂಲೇಲಿ ‘ಕಂ’ ಅಂತಿದೆ. ಕೈತಪ್ಪಿ ಬರೆದ್ರೋ ಏನೋ. ‘ಕೇ’ ಅಂತ ತಿದ್ದಿಬಿಡ್ಲಾ?”

ಅವನಿಗೆ ರೇಗಿತು. “ತಿದ್ದೋದೇನ್ರೀ? ಇಪ್ಪತ್ತು ವರ್ಷದಲ್ಲಿ ಒಂದು ಸುಳ್ಳು ‘ಕಂ’ ಹಾಕಿಲ್ಲ ನಾನು. ಕಣ್ಣಾರೆ ಕಂಡಿದ್ದು ಅದು!”

“ತಾಳೆಮರಕ್ಕೆ ತಲೆ ಇರ್ಲಿಲ್ವಾ?”

“ಎಲ್ಲಿತ್ತು? ಸಿಡಿಲು ಹೊಡೆದು ಬೋಳಾಗಿ ನಿಂತಿತ್ತು.”

“ಯಾವಾಗ ಹೊಡೀತು?”

“ನಾವು ಹೋಗೋಕೆ ಎರಡು ದಿನ ಮುಂಚೆ ಅಂತ...” ಅವನ ಬಾಯಿ ಅಲ್ಲೇ ನಿಂತಿತು.

ಮುತ್ತು ಚೀಟಿಯನ್ನು ಮೇಜಿನ ಮೇಲೆ ಮೆಲ್ಲನೆ ಇಟ್ಟಳು. “ಅಣ್ಣನ ಪುಸ್ತಕದಲ್ಲಿ ‘ತಾಳೆಯ ತಲೆ’ ಅಂತಿತ್ತು. ನಾನೇ ಬರೆದದ್ದು. ಅದು ಸಿಡಿಲಿಗಿಂತ ಒಂದು ವರ್ಷ ಹಿಂದಿನ ಮಾತು. ಸಿಡಿಲು ಹೊಡೆದ ಹತ್ತೇ ದಿನಕ್ಕೆ ಆ ಮರ ಮಳೆಗಾಳಿಗೆ ಬುಡಸಮೇತ ಬಿತ್ತು. ಆ ಹತ್ತು ದಿನದೊಳಗೆ ಯಾರೋ ನೋಡಿದಾರೆ. ಆ ಮರಾನೂ ಗುಡ್ಡದ ಕಚ್ಚೂ ದಡದ ಮೇಲೆ ಎಲ್ಲಿ ನಿಂತ್ರೂ ಒಂದೇ ಸಾಲಿಗೆ ಬರೋದಿಲ್ಲ. ಅರ್ಧ ಗಂಟೆ ಹುಟ್ಟು ಹಾಕಿ ಕಡಲಿಗೆ ಹೋಗ್ಬೇಕು. ದೋಣೀನೇ ಹತ್ತಿಲ್ಲ ಅಂತ ಪೊಲೀಸರ ಮುಂದೆ ಬರೆಸಿದ್ರಲ್ಲ ಸ್ವಾಮಿ, ಇದನ್ನ ಎಲ್ಲಿಂದ ಕಂಡ್ರಿ?”

ಚೆಲುವರಾಜು ಎಲೆಯಡಿಕೆಯನ್ನು ಹಾಗೇ ನುಂಗಿದ.

ಕೊಲೆಗಾರರು ಏನೇನೋ ಮರೆತು ಸಿಕ್ಕಿಬೀಳುತ್ತಾರಂತೆ. ಇವನು ಏನನ್ನೂ ಮರೆಯದೆ ಸಿಕ್ಕಿಬಿದ್ದಿದ್ದ. ‘ಕೇ’ ಎಂದು ಗೀಚಿ, ಸತ್ತವನ ಹೆಸರು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ತಾನು ಕಂಡದ್ದನ್ನು ಕೇಳಿದ್ದು ಎಂದು ಬರೆಯಲು ಪದದವನ ಕೈ ಬರಲಿಲ್ಲ.

“ಯಾರ್ರೀ ನೀವು?” ಎಂದ.

“ಸೂರನ್ ತಂಗಿ.” ಎಂಟು ತಿಂಗಳು ಕಟ್ಟಿಟ್ಟ ನಾಲಗೆ ಹಗ್ಗ ಹರಿದುಕೊಂಡಿತು. “ನಮ್ ಅಣ್ಣನ್ ಕೊಂದ್ಕಂಡ್, ಅವ್ನ್ ಪುಸ್ತಕ ಕದ್ಕಂಡ್ ಬಂದ್, ಇಲ್ಲ್ ದೊಡ್ಡ ಪಂಡಿತ ಆದ್ಯಾ? ಎಂತಕೆ ಕೊಂದೆ? ಹೇಳ್!”

ಚೂರಿ ಅವಳ ಕೈಗೆ ಬಂದಿತ್ತು. ಗೇಣುದ್ದದ ಅಲಗು, ಉಪ್ಪಿನಿಂದ ಕಪ್ಪಾದ ಹಿಡಿ. ಅದನ್ನು ಕೊಟ್ಟವನು ಸೋದರಮಾವ ಹೆರಿಯ ತಂಡೇಲ. ತಂದೆ ಹೋದ ಮೇಲೆ ಅಣ್ಣತಂಗಿಯನ್ನು ಸಾಕಿದವನು, ಅವರ ಮನೆಯ ಯಜಮಾನ, ದೋಣಿಯ ಮುಂದಾಳು. ಮೈಸೂರಿಗೆ ಹೋಗುತ್ತೇನೆಂದು ಅವಳು ಹಟ ಹಿಡಿದಾಗ ಬಸ್ಸಿನ ತನಕ ಬಂದು, ‘ಅವ್ನ್ ಹತ್ರ ಮಾತಿಗ್ ನಿಲ್ಬೇಡ ಮಗಾ, ಅವ್ರೆಲ್ಲ ಮಾತಿನವ್ರ್’ ಎಂದು ಕಣ್ಣೀರಿಟ್ಟಿದ್ದ. ಅವಳು ಆ ಒಂದು ಮಾತು ಮೀರಿದ್ದಳು. ಎಂಟು ತಿಂಗಳು ಪದಗಳ ನಡುವೆ ಕೂತವಳಿಗೆ, ಅವನ ಬಾಯಿಂದಲೇ ಕೇಳಿ ಆಮೇಲೆ ಮುಗಿಸಬೇಕು ಎನ್ನಿಸಿತ್ತು.

ಚೆಲುವರಾಜುವಿನ ಮೈಸೂರಿನ ನಯ ಎಲ್ಲ ಹಾರಿಹೋಗಿ, ಹುಟ್ಟಿದೂರಿನ ಮಾತು ಹೊರಗೆ ಬಂತು. “ನಾನ್ ಕೊಲ್ನಿಲ್ಲ ಕಣವ್ವ! ದೋಣಿ ಅತ್ತಿದ್ದು ದಿಟ. ಪುಸ್ತಕ ತಂದಿದ್ದೂ ದಿಟ. ಮಾದೇಸ್ವರನಾಣೆ, ಕೊಲ್ನಿಲ್ಲ!”

“ಇಬ್ಬರು ಹೋದ್ರಿ. ಒಬ್ಬನೇ ಬಂದೆ. ದೋಣಿ ದಡಕ್ಕೆ ತಂದವನು ನೀನು.”

“ನಾನಾ?” ಅವನು ವಿಚಿತ್ರವಾಗಿ ನಕ್ಕ. “ಯಾವ ಕೈಲವ್ವ?”

ಎಡಗೈ ಎತ್ತಲು ನೋಡಿದ. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು, ಮೊಣಕೈ ಬಾಗಲೇ ಇಲ್ಲ. ಚಿಕ್ಕಂದಿನಲ್ಲಿ ಎತ್ತಿನಗಾಡಿ ಮಗುಚಿ ಮುರಿದ ಕೈ. ಕಚೇರಿಗೆಲ್ಲ ಗೊತ್ತಿದ್ದ ಸಂಗತಿ. ಅವನು ಒಂದೇ ಕೈಯಲ್ಲಿ ಪೆಟ್ಟಿಗೆ ಇಳಿಸುವುದನ್ನು ಮುತ್ತು ದಿನಾ ನೋಡುತ್ತಿದ್ದಳು.

ನೋಡುತ್ತಿದ್ದಳು, ಆದರೆ ಹೊಳೆದಿರಲಿಲ್ಲ. ಹೊಡೆದವನು ಯಾರು ಎಂದಷ್ಟೇ ಐದು ವರ್ಷ ಕೇಳಿಕೊಂಡಿದ್ದಳು. ಹುಟ್ಟು ಹಾಕಿದವನು ಯಾರು ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಹೊಯ್ಗೆಕೇರಿಯಲ್ಲಿ ಮಕ್ಕಳು ನಡೆಯುವುದನ್ನೂ ಹುಟ್ಟು ಹಾಕುವುದನ್ನೂ ಒಟ್ಟಿಗೇ ಕಲಿಯುತ್ತವೆ. ದೋಣಿ ನಡೆಸಲು ಬಾರದ ಗಂಡಸು ಲೋಕದಲ್ಲಿ ಇದ್ದಾನೆ ಎನ್ನುವುದೇ ಕಡಲ ಮಗಳ ತಲೆಗೆ ಬಂದಿರಲಿಲ್ಲ. ಅಳಿವೆಬಾಯಿಯ ಅಲೆ ದಾಟಿಸಿ ದೋಣಿ ತರುವುದು ಊರಿನ ನುರಿತವರಿಗೂ ಬೆವರಿಳಿಸುವ ಕೆಲಸ.

ಅವತ್ತಿನ ದೋಣಿ ಅವಳ ಕಣ್ಣಿಗೆ ಕಟ್ಟಿತು. ನೀರು ಏರುವ ಗೆರೆಗಿಂತ ಮೇಲೆ, ದಡದ ಹೊಯ್ಗೆ ಮರಳಿನ ಮೇಲೆ ಬೋರಲು ಹಾಕಿತ್ತು. ಹುಟ್ಟುಗಳು ಅದರಡಿಯಲ್ಲಿ ಜೋಡಿಯಾಗಿದ್ದವು. ಓಡಿಹೋಗುವ ಕೊಲೆಗಾರ ದೋಣಿಯನ್ನು ಅಷ್ಟು ಜೋಪಾನ ಮಾಡುತ್ತಾನೆಯೇ? ಹಾಗೆ ಮಾಡುವವನು ಅದರ ಒಡೆಯ.

“ಮೂವರಿದ್ದೋ,” ಎಂದ ಚೆಲುವರಾಜು. “ಇಂದ್ಗಡೆ ಉಟ್ಟಾಕ್ತಾ ಕೂತಿದ್ದೋನು ನಿಮ್ಮ ಮಾವ.”

“ಸುಳ್! ಮಾವ ಅವತ್ತ್ ಗಂಗೊಳ್ಳಿಗೆ ಹೋಗಿದ್ದ್ರ್.”

“ಅಂಗಂತ ಯೋಳಿದ್ದು ಯಾರು? ಅವ್ರೇ ತಾನೇ?”

ಅವನೇ ಮುಂದುವರಿಸಿದ. ಮೀನಿನ ತಾವಿನ ಗುರ್ತನ್ನು ದೋಣಿಯವರು ಹೊರಗಿನವರಿಗೆ ಹೇಳುವುದಿಲ್ಲ. ನೆಲದ ಮೇಲೆ ಹೆಂಡತಿಯ ಮುಂದೆಯೂ ಹೇಳುವುದಿಲ್ಲ. ಏಳು ತಲೆಯಿಂದ ಬಂದ ಆಸ್ತಿ ಅದು. ಸೂರ ಅದನ್ನು ಪುಸ್ತಕದಲ್ಲಿ ಬರೆದಿದ್ದ. ಮುದುಕರು ಸತ್ತರೆ ಅವರ ಜೊತೆಗೇ ಸಾಯುತ್ತದೆ, ಅಚ್ಚಾಗಲಿ ಎಂದು ಅವನ ವಾದ. ಅಚ್ಚಾದರೆ ನಾಳೆ ನಾಲ್ಕೂರಿನ ದೋಣಿ ಬಂದು ನಮ್ಮ ತಾವಿನಲ್ಲಿ ಬಲೆ ಬಿಡುತ್ತವೆ ಎಂದು ಮಾವನ ವಾದ. ಕಡೆಗೆ ಮಾವನೇ ಸೋತವನ ಹಾಗೆ, ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ ಬನ್ನಿ ಎಂದನಂತೆ.

“ಮರ ಗುಡ್ಡಕ್ಕೆ ನೇರ ಬಂತು. ನಿಮ್ಮಣ್ಣ ಎದ್ದು ನಿಂತ್ಕಂಡು ಕೈತೋರ್ಸ್ತಿದ್ದ. ಇಂದ್ಲಿಂದ ಉಟ್ಟು ಬೀಸಿದ್ರು. ಒಂದೇ ಏಟು. ಆಮೇಲೆ ನನ್ ಕಡೆ ತಿರುಗಿ ಒಂದ್ ಮಾತು ಅಂದ್ರು. ಬಾಯಿ ಬುಟ್ರೆ ನೀನೇ ಕೊಂದಿದ್ದು ಅಂತ ಊರೆಲ್ಲ ಸಾಕ್ಷಿ ಯೋಳ್ತದೆ, ಸಾಯಂಕಾಲದ ಬಸ್ಸಿಗೆ ಓಗು ಅಂದ್ರು. ಪುಸ್ತಕ ನನ್ ಕೋಟ್ನಲ್ಲಿದ್ದದ್ದು ಅವ್ರಿಗೆ ತಿಳೀನಿಲ್ಲ, ಅಲ್ಲೇ ಉಳ್ಕಂತು.”

“ಏನು ಮಾತು ಅಂದ್ರು?”

ಅವನು ಕೋಟಿನ ಒಳಜೇಬಿನಿಂದ ಎಣ್ಣೆಕಾಗದದ ಮಡಿಕೆಯೊಂದನ್ನು ತೆಗೆದ. ಒಳಗೆ ಒಂದು ಚೀಟಿ. ಯಾವ ಪೆಟ್ಟಿಗೆಗೂ ಸೇರದ, ಅಂಚು ಹಳದಿಯಾದ ಚೀಟಿ.

“ಅವತ್ತು ಬಸ್ಸಲ್ಲಿ ಬರೆದೆ. ಕೇಳಿದ್ ಮಾತು ಬರೀದೇ ಇರೋಕ್ಕಾಗಲ್ಲ ಕಣವ್ವ ನಂಗೆ. ಅದೊಂದು ಜಾಡ್ಯ.”

ಮುತ್ತು ಓದಿದಳು.

‘ಗುರ್ತ್ ನೆಲಕ್ಕೆ ತಂದವ ಕಡಲಿಗೇ ಹೋಯ್ಕ್. ಅಳಿಯ ಆರೂ ಅಷ್ಟೇ, ಮಗ ಆರೂ ಅಷ್ಟೇ.’ ಪಕ್ಕದಲ್ಲಿ ಅರ್ಥ: ಕಡಲಿಗೇ ಹೋಗಬೇಕು, ಸೋದರಳಿಯನಾದರೂ ಮಗನಾದರೂ. ಮೂಲೆಯಲ್ಲಿ ‘ಕೇ’. ಅದರ ಕೆಳಗೆ ಕಚೇರಿಯ ಕಟ್ಟಳೆಯಂತೆ ಹೇಳಿದವರ ಹೆಸರು: ಹೆರಿಯ ತಂಡೇಲ. ತಾರೀಕು ಅಣ್ಣ ಸತ್ತ ದಿನದ್ದು.

ಇದು ಮಾವನ ಮಾತಲ್ಲ ಎಂದುಕೊಳ್ಳಲು ಅವಳು ತುಂಬ ಪ್ರಯತ್ನಪಟ್ಟಳು. ಆಗಲಿಲ್ಲ. ಆ ‘ಆರೂ ಅಷ್ಟೇ’ ಎಂದು ಎರಡು ಸಲ ಒತ್ತಿ ಹೇಳುವುದು ಮಾವನೊಬ್ಬನೇ. ಬಲೆ ಹರಿದವನಿಗೂ, ಗಂಜಿ ಚೆಲ್ಲಿದ ಮಗುವಿಗೂ ಅವನು ಹಾಗೇ ಬೈಯುತ್ತಿದ್ದದ್ದು. ಮೈಸೂರಿನ ಯಾವ ಪಂಡಿತನಿಗೂ ಅದನ್ನು ಕೂತು ಕಟ್ಟಲು ಬರುವುದಿಲ್ಲ.

ಮಾತಿಗೆ ನಿಲ್ಲಬೇಡ ಎಂದು ಯಾಕೆ ಹೇಳಿದ್ದ ಎಂಬುದೂ ಈಗ ಅರ್ಥವಾಯಿತು. ಸಾಕ್ಷಿಯ ಬಾಯಿ ಮುಚ್ಚಿಸಲು ಸತ್ತವನ ತಂಗಿಯ ಕೈಗೇ ಚೂರಿ ಕೊಟ್ಟು ಬಸ್ಸು ಹತ್ತಿಸಿದ್ದ. ಅವನ ಕಣ್ಣೀರು ಅವಳ ಭುಜದ ಮೇಲೆ ಬಿದ್ದದ್ದು ನೆನಪಾಗಿ ಅವಳಿಗೆ ಹೇಸಿಗೆಯಾಯಿತು.

“ನೀನೂ ಅಷ್ಟೇ,” ಎಂದಳು ಅವಳು, ಚೂರಿಯನ್ನು ಮೇಜಿನ ಮೇಲಿಟ್ಟು. “ಐದು ವರ್ಷ ಬಾಯಿಗೆ ಬೀಗ ಹಾಕ್ಕೊಂಡು, ಅವನ ಪದ ಮಾರ್ಕೊಂಡು ತಿಂದೆ. ನಿನ್ನ ಪಾಲು ನಿಂಗಿದೆ. ಆದ್ರೆ ಮೊದಲು ಅವರು.”

“ಏನ್ ಬೇಕಾದ್ರೂ ಮಾಡವ್ವ. ಪೊಲೀಸ್ರ ಮುಂದೆ ಬೇಕಾದ್ರೂ ಯೋಳ್ತೀನಿ.” ಅವನು ಬೆವರೊರೆಸಿಕೊಂಡ. “ಒಂದ್ ಯೋಳು. ನನ್ ಎಸ್ರು ನಿಂಗೆ ಗೊತ್ತಾಗಿರೋದು ಇನ್ಯಾರಿಗಾದ್ರೂ ತಿಳ್ದದಾ?”

ಮುತ್ತು ಬಾಗಿಲಿನ ಚಿಲಕದ ಕಡೆ ನೋಡಿದಳು.

“ಶನಿವಾರ ಮಾವನಿಗೆ ಕಾಗದ ಹಾಕಿದೆ,” ಎಂದಳು. “ನಿಮ್ಮ ಹೆಸರು, ಈ ಬಂಗಲೆ ವಿಳಾಸ, ಶುಕ್ರವಾರ ವಾಪಸ್ ಬರ್ತೀರಿ ಅನ್ನೋದು, ಎಲ್ಲಾ ಬರೆದೆ. ಹೆಸರು ಸಿಕ್ಕ ಕೂಡಲೇ ಬರೀಬೇಕು ಅಂತ ಆಣೆ ಹಾಕಿಸ್ಕೊಂಡಿದ್ರು.”

ಅವನು ಗೋಡೆಯ ಗಡಿಯಾರ ನೋಡಿದ. ಮಂಗಳೂರಿನ ಬಸ್ಸು ಬಂದು ಗಂಟೆಯಾಗಿತ್ತು.

ಆಗ ಹೊರಗೆ ಗೇಟಿನ ಅಗುಳಿ ಸರಿಯಿತು. ಜಗಲಿಯ ಮೇಲೆ ಶಾಮಣ್ಣ ಉಬ್ಬಸಪಡುತ್ತ ಯಾರನ್ನೋ ಉಪಚರಿಸುವುದು ಕೇಳಿಸಿತು. “ಬನ್ನಿ ಬನ್ನಿ, ಇದೇ ಕಚೇರಿ. ತುಂಬ ದೂರದಿಂದ ಬಂದ ಹಾಗಿದೆ. ಯಾರು ಬೇಕಾಗಿತ್ತು ತಮಗೆ?”

“ಚೆಲುವರಾಜು ಅಂದೇಳಿ ಒಬ್ರ್ ಇದ್ರಲ್ದೆ ಮರಾಯ್ರೆ? ಅವ್ರನ್ ಒಂಚೂರ್ ಕಾಣ್ಕಿತ್ತ್.”

ತಗ್ಗಿದ, ಸಮಾಧಾನದ ದನಿ. ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಅನ್ನ ಉಣ್ಣಿಸಿದ ದನಿ.

“ಅಲ್ಲೇ ಒಳಗಿದಾರೆ. ಮುತ್ತಮ್ಮನ ಜೊತೆ,” ಎಂದ ಶಾಮಣ್ಣ.

ಭಾರದ ಹೆಜ್ಜೆಗಳು ಹಜಾರ ದಾಟಿ ಬಾಗಿಲಿನ ಹೊರಗೆ ನಿಂತವು. ಬಾಗಿಲನ್ನು ಒಂದು ಸಲ ಮೆಲ್ಲನೆ ತಳ್ಳಿ ನೋಡಿದ ಸದ್ದಾಯಿತು.

“ತಗೀಬ್ಯಾಡ ಕಣವ್ವ,” ಎಂದು ಚೆಲುವರಾಜು ಪಿಸುಗುಟ್ಟಿದ. “ನಿನ್ ಕಾಲಿಗ್ ಬೀಳ್ತೀನಿ.”

ಮುತ್ತು ಹಳದಿ ಚೀಟಿಯನ್ನು ಕುಪ್ಪಸದೊಳಗೆ ಸೇರಿಸಿಕೊಂಡು ಎದ್ದಳು. ಅಣ್ಣ ಸತ್ತ ದಿನದಿಂದ ಇಷ್ಟು ಹಗುರವಾಗಿ ಅವಳು ನಡೆದದ್ದೇ ಇಲ್ಲ.

“ಬನಿ ಮಾವ,” ಎಂದು ಚಿಲಕ ತೆಗೆದಳು. “ನಿಮ್ಮನ್ನೇ ಕಾಯ್ತಾ ಇದ್ದೆ.”

ಹೆರಿಯ ತಂಡೇಲ ಹೊಸಲಿನ ಮೇಲೆ ನಿಂತು ನಕ್ಕ. ಆಮೇಲೆ ಅವನ ಕಣ್ಣು ಅವಳ ಭುಜದಾಚೆ ಹೋಯಿತು, ನಗು ಹಾಗೇ ಮುಖದ ಮೇಲೆ ನಿಂತುಹೋಯಿತು. ಮುತ್ತು ತಿರುಗಿ ನೋಡಿದಾಗ ಮೇಜಿನ ಮೇಲೆ ಚೂರಿ ಇರಲಿಲ್ಲ, ಚೆಲುವರಾಜುವಿನ ಬಲಗೈಯಲ್ಲಿತ್ತು.